ಬೀಡಿಯ ರುಚಿಯಿಂದ ಲೀಕ್ ಹಿಡಿಯುತ್ತಿದ್ದವರು

ಹೋದ ತಿಂಗಳು ಅಡುಗೆಮನೆಯಲ್ಲಿ ಸಿಲಿಂಡರ್ ಬದಲಾಯಿಸುತ್ತಿದ್ದೆ. ಒಳಗಿನ ವಾಷರ್ ಸರಿಯಾಗಿ ಕೂತಿರಲಿಲ್ಲವೋ ಏನೋ, ರೆಗ್ಯುಲೇಟರ್ ಒತ್ತಿದ ಕೂಡಲೇ ಸುಯ್ ಎಂದು ಸದ್ದಾಗಿ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ತೆಗೆದು ಮತ್ತೆ ಹಾಕಿದರೆ ಮುಗಿಯುವ ಕೆಲಸ. ನಾನು ರೆಗ್ಯುಲೇಟರ್ ಕಿತ್ತಿಟ್ಟು, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ನಮ್ಮ ಯಜಮಾನರು ಒಳಗೆ ಹೋಗಿ ಎರಡು ನಿಮಿಷದಲ್ಲಿ ಒಲೆ ಹೊತ್ತಿಸಿ ಬಂದು, "ಏನ್ ಧೈರ್ಯ ಕಣೆ ನಿಂದು" ಎಂದು ನಕ್ಕರು. ನನಗೆ ಗ್ಯಾಸ್ ಕಂಡರೆ ಭಯ ಎಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದಾರೆ. ಹಾಗೇ ತಿಳಿದಿರಲಿ ಎಂದು ನಾನೂ ಬಿಟ್ಟಿದ್ದೆ. ಆದರೆ ಅದೇ ವಾಸನೆ ಏಳು ವರ್ಷದ ಹಿಂದೆ ನನ್ನ ಕಾರಿನೊಳಗೆ ಬಂದಿತ್ತು, ಬಂದದ್ದು ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ...

ಕೊಡಿಗೇಹಳ್ಳಿಯಲ್ಲಿ ನಮ್ಮ ಮನೆಯ ಎದುರಿಗೇ ಅವರ ಮನೆ. ಒಂದು ಕಾರು ಬಂದರೆ ಇನ್ನೊಂದು ಹಿಂದಕ್ಕೆ ಹೋಗಿ ದಾರಿ ಬಿಡಬೇಕು, ಅಷ್ಟೇ ಅಗಲದ ಬೀದಿ. ನೆಂಟರಲ್ಲ, ಆದರೂ ಎದುರುಮನೆ ಮಾವ ಎಂದೇ ಕರೆದು ರೂಢಿ. ಅವರ ಹೆಂಡತಿ ಅತ್ತೆ. ಮದುವೆಯಾದ ಮೇಲೂ ನಾನು ಅಪ್ಪನ ಮನೆಯ ಮಹಡಿಯಲ್ಲೇ ಉಳಿದುಕೊಂಡವಳಾದ್ದರಿಂದ ಈ ಮಾವ, ಅತ್ತೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಮನೆಯ ಮುಂದೆ ತಗಡಿನ ಶೀಟು ಇಳಿಸಿದ ಜಾಗವೇ ಅವರ ಶೆಡ್ಡು. ಬೋರ್ಡಿನ ಮೇಲೆ 'ಕಾರ್ ಏಸಿ' ಎಂಬ ಎರಡೇ ಪದ. ಎಂಜಿನ್ ಕೆಟ್ಟಿದೆ, ಬ್ರೇಕ್ ಹಿಡಿಯುತ್ತಿಲ್ಲ ಎಂದು ಯಾರಾದರೂ ಬಂದರೆ "ಅದು ನಂದಲ್ಲ" ಎಂದು ಮುಖ ತಿರುಗಿಸುತ್ತಿದ್ದರು. ಏಸಿ ಮಾತ್ರ ಅವರದು. ಏರ್‌ಪೋರ್ಟ್ ರಸ್ತೆಯ ಟ್ಯಾಕ್ಸಿಯವರು ಬೇಸಿಗೆಯಲ್ಲಿ ನಮ್ಮ ಗೇಟಿನವರೆಗೂ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಅವರನ್ನು ಬೈದುಕೊಂಡೇ ನಾನು ಆಫೀಸಿಗೆ ಹೊರಡುತ್ತಿದ್ದೆ.

ಏಸಿ ಸ್ಟಾರ್ಟ್ ಆಗುತ್ತಿಲ್ಲ ಎಂದು ಯಾರೇ ಬರಲಿ, ಮಾವ ಮೊದಲು ಬಾನೆಟ್ ತೆಗೆಯುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಂದವರ ಮುಖ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಯಾರಾನಾ ಕೈ ಆಕವ್ರಾ?" ನನಗಿಂತ ಮೊದಲು ಬೇರೆ ಮೆಕ್ಯಾನಿಕ್ ಯಾರಾದರೂ ಮುಟ್ಟಿದ್ದಾರಾ ಎಂದು. ಟ್ಯಾಕ್ಸಿಯವರು ನಗುತ್ತಿದ್ದರು, ಕೆಲವರು ಸಿಟ್ಟಾಗುತ್ತಿದ್ದರು. ನಾನೂ ಒಮ್ಮೆ, ಅದ್ಯಾಕೆ ಎಲ್ಲರನ್ನೂ ಪೊಲೀಸರ ಥರ ಕೇಳ್ತೀರ ಎಂದಿದ್ದೆ. "ಒಳ್ಗಿರೋ ಗ್ಯಾಸು ಕಣ್ಗೆ ಕಾಣಾಕಿಲ್ಲ ಕಣಮ್ಮ. ಯಾವ್ದು ತುಂಬವ್ರೆ ಅಂತ ಗಾಡಿಯವ್ರ ಬಾಯೇ ಏಳ್ಬೇಕು. ಅವ್ರು ಸುಳ್ಳೇಳಿದ್ರೆ ನಾನ್ ಕುರುಡ" ಎಂದಿದ್ದರು.

ಉತ್ತರ ಸಿಕ್ಕ ಮೇಲೇ ಕೆಲಸ. ಎಂಜಿನ್ ಚಾಲೂ ಮಾಡಿಸಿ, ಏಸಿ ಬಟನ್ ಒತ್ತಿಸಿ, ಬಾನೆಟ್ಟಿನ ಹತ್ತಿರ ಕಿವಿ ಕೊಟ್ಟು ನಿಲ್ಲುತ್ತಿದ್ದರು. ಗ್ಯಾಸು ಒತ್ತುವ ಕಂಪ್ರೆಸರ್ ಎಂಜಿನ್ನಿನ ಜೊತೆ ತಿರುಗಲು ಹಿಡಿದುಕೊಂಡರೆ ಟಕ್ ಎಂದು ಒಂದು ಸಣ್ಣ ಸದ್ದು ಬರಬೇಕು. ಬರದಿದ್ದರೆ ಮೊದಲು ಫ್ಯೂಸು. ಫ್ಯೂಸು ಸರಿಯಿದ್ದರೆ ಹಾರ್ನಿಗೆ ಕರೆಂಟ್ ಹಾಯಿಸುವ ರಿಲೇ ಕಿತ್ತು ಏಸಿಯ ಜಾಗಕ್ಕೆ ಹಾಕುವುದು. ಹಾರ್ನ್ ಕೂಗುತ್ತಿತ್ತು ಅಂದಮೇಲೆ ಆ ರಿಲೇ ಚೆನ್ನಾಗಿದೆ ಎಂದರ್ಥ. ಅದಕ್ಕೂ ಜಗ್ಗದಿದ್ದರೆ ಬ್ಯಾಟರಿಯಿಂದ ನೇರ ಒಂದು ವೈರು ಎಳೆದು ಕಂಪ್ರೆಸರಿಗೆ ಮುಟ್ಟಿಸುತ್ತಿದ್ದರು. ಆಗ ಟಕ್ ಎಂದರೆ ಯಂತ್ರ ಬದುಕಿದೆ, ಗ್ಯಾಸು ಕಡಿಮೆಯಾಗಿದೆ ಎಂದು ಲೆಕ್ಕ. ಗ್ಯಾಸು ಒಂದು ಮಟ್ಟಕ್ಕಿಂತ ಇಳಿದರೆ ಏಸಿ ತಾನಾಗಿಯೇ ಶುರುವಾಗದ ಹಾಗೆ ಒಂದು ಸ್ವಿಚ್ಚು ತಡೆಯುತ್ತದಂತೆ. ಅವರು ಆ ಸ್ವಿಚ್ಚಿಗೆ ತುಂಬ ಮರ್ಯಾದೆ ಕೊಡುತ್ತಿದ್ದರು. ಗ್ಯಾಸು ಎಲ್ಲಿಂದ ಹೋಯಿತು ಎಂದು ಕಂಡುಹಿಡಿಯದೆ ಹೊಸದು ತುಂಬುತ್ತಿರಲಿಲ್ಲ. ಅದಕ್ಕೇ ಅವರ ಹತ್ತಿರ ಕಾರು ಬಿಟ್ಟರೆ ಎರಡು ದಿನ, ಒಮ್ಮೊಮ್ಮೆ ಮೂರು ದಿನ.

ತುಂಬಿದ ಮೇಲೆ ಇನ್ನೊಂದು ಕ್ರಮವಿತ್ತು. ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಕೆಂಪು ನೇಲ್ ಪಾಲಿಷ್ ಶೀಷೆ ಅವರ ಟೂಲ್ ಬಾಕ್ಸಿನಲ್ಲಿರುತ್ತಿತ್ತು. ಗ್ಯಾಸ್ ತುಂಬುವ ಬಾಯಿಗೆ ಮುಚ್ಚಳ ತಿರುಗಿಸಿ, ಅದರ ಅಂಚಿಗೆ ಒಂದು ತೊಟ್ಟು ಹಚ್ಚುತ್ತಿದ್ದರು. ಮುಂದೆ ಯಾರಾದರೂ ತೆಗೆದರೆ ಬಣ್ಣ ಒಡೆಯುತ್ತದೆ, ಗೊತ್ತಾಗುತ್ತದೆ. ಶೆಡ್ಡಿನಲ್ಲಿ ಮೈಯೆಲ್ಲ ಗ್ರೀಸು ಮೆತ್ತಿಕೊಂಡ ಅಷ್ಟು ದೊಡ್ಡ ಮನುಷ್ಯ ಪುಟ್ಟ ಬ್ರಷ್ ಹಿಡಿದು ಬಗ್ಗಿ ನಿಂತಿದ್ದರೆ ನನ್ನ ತಂಗಿ ಬಿದ್ದು ಬಿದ್ದು ನಗುತ್ತಿದ್ದಳು.

ಇನ್ನು ಬೀಡಿ. ಮಾವನ ಮೂಗು ಕೆಲಸ ಮಾಡುತ್ತಿರಲಿಲ್ಲ. ಹೊಗೆಯಿಂದಲೋ, ಅಷ್ಟು ವರ್ಷದ ಗ್ಯಾಸಿನಿಂದಲೋ, ವಾಸನೆ ಎಂಬುದೇ ತಿಳಿಯುತ್ತಿರಲಿಲ್ಲ. ಅತ್ತೆ ಒಲೆ ಮೇಲೆ ಹಾಲು ಸೀಯಿಸಿದರೂ ಪಕ್ಕದಲ್ಲೇ ಪೇಪರ್ ಓದುತ್ತ ಕೂತಿರುತ್ತಿದ್ದರು. ಆದರೆ ನಾಲಗೆ ಚುರುಕು. ಗ್ಯಾಸ್ ಸೋರುವ ಕಡೆ ಬೀಡಿ ಎಳೆದರೆ ಹೊಗೆಯ ರುಚಿ ಕೆಟ್ಟು ಕಹಿಯಾಗುತ್ತದೆ ಎಂದು ಅವರಿಗೆ ಹಿಂದೆ ಯಾವುದೋ ವರ್ಕ್‌ಶಾಪಿನಲ್ಲಿ ಹಳಬರು ಹೇಳಿಕೊಟ್ಟಿದ್ದರು. ಪೈಪುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುತ್ತಿದ್ದರು, ಸರಿ. ಡ್ಯಾಶ್‌ಬೋರ್ಡಿನ ಹಿಂದೆ, ಕೂಲಿಂಗ್ ಕಾಯಿಲ್ ಇರುವ ಡಬ್ಬಿಗೆ ಸೋಪಿನ ನೀರು ಹೋಗುವುದಿಲ್ಲ. ಅಲ್ಲಿಗೆ ಬೀಡಿ. ಮುಂದಿನ ಸೀಟಿನ ಅಂಚಿನಲ್ಲಿ ಕೂತು, ತಲೆ ಕೆಳಗೆ ಹಾಕಿ, ಒಂದು ದಮ್ಮು ಎಳೆದು, ಬಾಯಿ ಚಪ್ಪರಿಸಿ "ಐತೆ" ಅನ್ನುತ್ತಿದ್ದರು, ಇಲ್ಲವೇ "ಇಲ್ಲ". ತಪ್ಪಿದ್ದನ್ನು ನಾನು ಕಂಡಿಲ್ಲ. ಆ ಗ್ಯಾಸು ಉರಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ಅವರ ಇಡೀ ವಿದ್ಯೆ ನಿಂತಿತ್ತು. ಅವರು ತುಂಬುತ್ತಿದ್ದ ಗ್ಯಾಸಿನ ಮಟ್ಟಿಗೆ ಆ ನಂಬಿಕೆ ಸರಿಯಾಗಿಯೂ ಇತ್ತು. ಅತ್ತೆಗೆ ಮಾತ್ರ ಈ ಬೀಡಿ ಕಂಡರೆ ಆಗುತ್ತಿರಲಿಲ್ಲ. ಒಂದಲ್ಲ ಒಂದಿನ ಇದೇ ನಿಮ್ಮನ್ನ ತಿನ್ನುತ್ತೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು.

ಆ ವರ್ಷ ಏಪ್ರಿಲ್‌ನಲ್ಲಿ ನನ್ನ ಕಾರಿನ ಏಸಿ ತಣ್ಣಗಾಗುವುದು ನಿಂತಿತು. ತಂಗಿಯನ್ನು ನೋಡಲು ಮೈಸೂರಿನಿಂದ ಗಂಡಿನ ಕಡೆಯವರು ರೈಲಿನಲ್ಲಿ ಬರುವವರಿದ್ದರು. ಯಶವಂತಪುರ ಸ್ಟೇಷನ್ನಿನಿಂದ ಅವರನ್ನು ಕರೆತರುವ ಜವಾಬ್ದಾರಿ ನನ್ನದು. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಅವರು ಬೆವರಿಳಿಸಿಕೊಂಡು ಕೂತರೆ ನಮ್ಮ ಮನೆತನದ ಮಾನ ಹೋಗುತ್ತದೆ ಎಂದು ನನ್ನ ತಲೆಗೆ ಹತ್ತಿಬಿಟ್ಟಿತ್ತು. ಮಾವನ ಹತ್ತಿರ ಹೋದೆ. ಎರಡು ದಿನ ಬಿಟ್ಟು ಹೋಗು ಎಂದರು. ಬರುವವರು ನಾಳೆಯೇ ಬರುತ್ತಾರೆ ಎಂದೆ. "ಅಂಗಾದ್ರೆ ಕಿಟಕಿ ಇಳಿಸ್ಕೊಂಡ್ ಓಗು" ಎಂದು ಸ್ಟೂಲಿನಿಂದ ಏಳಲೂ ಇಲ್ಲ. ನನಗೆ ಕಾಯುವುದೆಂದರೆ ಮೊದಲಿನಿಂದಲೂ ಆಗದು. ಮೂಗಿನ ತುದಿಯಲ್ಲೇ ಸಿಟ್ಟು. ಸರ್ರನೆ ಕಾರು ತಿರುಗಿಸಿಕೊಂಡು ಹೆಬ್ಬಾಳದ ಕಡೆ ಹೋದೆ.

ಅಲ್ಲಿ ರಸ್ತೆ ಬದಿಯಲ್ಲಿ ಒಬ್ಬ ವ್ಯಾನಿನ ಹಿಂದಿನ ಬಾಗಿಲು ತೆರೆದುಕೊಂಡು ಕೂತಿದ್ದ. ಏನೂ ಕೇಳಲಿಲ್ಲ. ಹಿಂದೊಮ್ಮೆ ಮಾವ ಹಚ್ಚಿದ್ದ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದು, ಮುಚ್ಚಳ ತೆಗೆದು, ಹೆಸರಿಲ್ಲದ ಒಂದು ಡಬ್ಬಿಯಿಂದ ಹತ್ತೇ ನಿಮಿಷದಲ್ಲಿ ತುಂಬಿಬಿಟ್ಟ. ಕಾರು ಮಂಜಿನ ಹಾಗೆ ತಣ್ಣಗಾಯಿತು. ಇಷ್ಟಕ್ಕೆ ಎರಡು ದಿನ ಬೇಕಂತೆ ಇವರಿಗೆ ಎಂದು ದಾರಿಯುದ್ದಕ್ಕೂ ಮಾವನನ್ನು ಮನಸ್ಸಿನಲ್ಲೇ ಆಡಿಕೊಂಡೆ. ಗಂಡಿನ ಕಡೆಯವರು ಬಂದರು, ತಣ್ಣಗೆ ಕೂತರು, ಉಪ್ಪಿಟ್ಟು ಕೇಸರಿಬಾತ್ ತಿಂದರು, ಹೋಗಿ ಫೋನ್ ಮಾಡುತ್ತೇವೆ ಎಂದರು. ಮಾಡಲಿಲ್ಲ.

ಮೂರು ವಾರ ಕಳೆಯಿತು. ಬೆಳಗ್ಗೆ ಕಾರಿನ ಬಾಗಿಲು ತೆಗೆದಾಗ ಒಂದು ವಾಸನೆ ಬರತೊಡಗಿತು. ಅಡುಗೆಮನೆಯ ಸಿಲಿಂಡರಿನದೇ, ಸ್ವಲ್ಪ ಮಂದ. ಕಿಟಕಿ ಇಳಿಸಿಕೊಂಡು ಒಂದು ಸುತ್ತು ಹೋದರೆ ಮಾಯವಾಗುತ್ತಿತ್ತು. ಪಕ್ಕದ ಮನೆಯ ವಾಸನೆಯಿರಬೇಕು ಎಂದುಕೊಂಡೆ... ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ಆಮೇಲೆ ಒಂದು ಶುಕ್ರವಾರ ಸಂಜೆ ಆಫೀಸಿನಿಂದ ಬರುವಾಗ ಏಸಿ ಶುರುವಾಗಲೇ ಇಲ್ಲ. ಬಟನ್ನಿನ ದೀಪ ಉರಿಯುತ್ತದೆ, ಗಾಳಿ ಬರುತ್ತದೆ, ತಂಪಿಲ್ಲ. ಕಾರನ್ನು ಗೇಟಿನ ಬಳಿ ನಿಲ್ಲಿಸಿ, ಕಿಟಕಿ ಭದ್ರವಾಗಿ ಏರಿಸಿ ಒಳಗೆ ಹೋದೆ. ಶನಿವಾರ ಪೂರ್ತಿ ಅದು ಬಿಸಿಲಿನಲ್ಲಿ ಹಾಗೇ ಮುಚ್ಚಿಕೊಂಡು ನಿಂತಿತ್ತು.

ಭಾನುವಾರ ಬೆಳಗ್ಗೆ ಕಾರಿನ ಬಾಗಿಲು ತೆಗೆಯದೆ, ಗೇಟಿನ ಬಳಿ ನಿಂತೇ ಮಾವನನ್ನು ಕರೆದೆ. ಅವರೇ ಬೀದಿ ದಾಟಿ ನಮ್ಮ ಗೇಟಿಗೆ ಬಂದರು. ಶೆಡ್ಡಿನಲ್ಲಿ ಆಗಲೇ ಇನ್ನೊಂದು ಕಾರು ಇತ್ತು. ಬಾಯಲ್ಲಿ ಬೀಡಿ.

"ಯಾರಾನಾ ಕೈ ಆಕವ್ರೇನಮ್ಮ?"

"ಇಲ್ಲ ಮಾವ. ನೀವೇ ಕೊನೆಗೆ ನೋಡಿದ್ದು."

ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ ನಾಚಿಕೆಯ ಉತ್ತರವೇ ಇರುವುದು. ಎದುರುಮನೆಯವರನ್ನು ಬಿಟ್ಟು ರಸ್ತೆಬದಿಯವನ ಹತ್ತಿರ ಹೋಗಿದ್ದೆ ಎಂದು ಅವರ ಮುಖ ನೋಡಿ ಹೇಳಲಾಗಲಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ ಎಂದು. ಅಷ್ಟೇ. ಅಷ್ಟಕ್ಕೇ.

ಅವರು ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಚಾಲಕನ ಬಾಗಿಲು ತೆಗೆದು, ಒಳಗೆ ಕೂರದೆ ಕೈ ಚಾಚಿ ಎಂಜಿನ್ ಚಾಲೂ ಮಾಡಿ, ಏಸಿ ಬಟನ್ ಒತ್ತಿ, ಬಾಗಿಲು ಮತ್ತೆ ಮುಚ್ಚಿದರು. ಬೀಡಿ ಆಗ ಬೆರಳಿನ ನಡುವೆ ಹೊರಗಿತ್ತು. ಬಾನೆಟ್ ತೆಗೆದು ಕಿವಿ ಕೊಟ್ಟರು. ಸದ್ದಿಲ್ಲ. ಫ್ಯೂಸು ಸರಿಯಿತ್ತು. ಹಾರ್ನಿನ ರಿಲೇ ಹಾಕಿದರು, ಇಲ್ಲ. ವೈರು ಎಳೆದು ಮುಟ್ಟಿಸಿದರು, ಟಕ್ ಎಂದಿತು. "ಕಂಪ್ರೆಸರ್ ಚೆನ್ನಾಗೈತೆ. ಗ್ಯಾಸು ಓಗೈತೆ" ಎಂದು ಎಂಜಿನ್ ಆರಿಸಿದರು. ಒತ್ತಡ ನೋಡುವ ಗೇಜ್ ಹಾಕಲು ಮುಚ್ಚಳದ ಮೇಲೆ ಹೆಬ್ಬೆರಳು ಇಟ್ಟವರು ಹಾಗೇ ನಿಂತರು.

"ಬಣ್ಣ ಎಲ್ಲೋಯ್ತು?"

"ಹೋದ ವಾರ ವಾಟರ್ ವಾಶ್ ಮಾಡಿಸ್ದೆ ಮಾವ. ಅದರಲ್ಲಿ ಹೋಗಿರ್ಬೇಕು."

ಅವರು ನನ್ನನ್ನು ನೋಡಿದರು. ನಾನು ಗೇಟಿನ ಚಿಲಕ ನೋಡಿದೆ. "ಓಗಿರ್ಬೇಕು" ಎಂದರು. ಮತ್ತೆ ಅದರ ಮಾತೆತ್ತಲಿಲ್ಲ. ಗೇಜಿನ ಮುಳ್ಳು ಒಂಚೂರು ಮಾತ್ರ ಎದ್ದಿತು. ಪೈಪುಗಳಿಗೆಲ್ಲ ಸೋಪಿನ ನೀರು ಹಚ್ಚಿದರು. ಎಲ್ಲೂ ಗುಳ್ಳೆ ಬರಲಿಲ್ಲ. ಇನ್ನು ಉಳಿದಿದ್ದು ಒಳಗಿನ ಕಾಯಿಲಿನ ಡಬ್ಬಿ.

ಎಡಗಡೆ ಬಾಗಿಲು ತೆಗೆದರು. ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಎರಡು ರಾತ್ರಿ, ಒಂದು ಹಗಲು ಮುಚ್ಚಿದ್ದ ಕಾರು. ವಾಸನೆ ನನ್ನವರೆಗೂ ಬಂತು. ಮಾವನ ಮುಖ ಬದಲಾಗಲಿಲ್ಲ, ಅವರಿಗೆ ಅದು ಬರುವಂತಿರಲಿಲ್ಲ. ಸೀಟಿನ ಅಂಚಿನಲ್ಲಿ ಕೂತು, ಕಾಲು ಹೊರಗೆ ಚಾಚಿ, ತಲೆ ತಗ್ಗಿಸಿದರು. ಬೀಡಿ ಆರಿತ್ತು. ಅಂಗಿ ಜೇಬಿಗೆ ಕೈ ಹೋಯಿತು.

"ಮಾವ" ಎಂದೆ.

"ಏನಮ್ಮ?" ತಲೆ ಎತ್ತಿ ನೋಡಿದರು. ಕೈಯಲ್ಲಿ ಬೆಂಕಿಪೊಟ್ಟಣ.

ಆ ಹೊತ್ತಿಗೆ ಎಲ್ಲವನ್ನೂ ಹೇಳಬಹುದಿತ್ತು. ನಾಲಗೆಯ ತುದಿಗೆ ಬಂದಿತ್ತು. "ಏನಿಲ್ಲ ಮಾವ, ಕಾಫಿ ತರ್ಲಾ ಅಂತ" ಎಂದೆ.

"ಆಮ್ಯಾಕೆ" ಎಂದು ಮತ್ತೆ ಬಗ್ಗಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಭಗ್ ಎಂದಿತು, ಕಾರಿನೊಳಗೆಲ್ಲ ಒಮ್ಮೆ ನೀಲಿ ಕಂಡಿತು, ಮುಗಿಯಿತು. ಮಾವ ಹೊರಕ್ಕೆ ಬಿದ್ದರು. ಅಂಗಿ ಉರಿಯುತ್ತಿತ್ತು. ನಾನು ನಿಂತಲ್ಲೇ ನಿಂತಿದ್ದೆ. ಅತ್ತೆ ಎಲ್ಲಿಂದ ಬಂದರೋ, ಒಗೆಯಲು ನೆನೆಸಿಟ್ಟಿದ್ದ ಹೊದಿಕೆಯನ್ನು ನೀರು ಸುರಿಯುವಂತೆಯೇ ಎಳೆದುಕೊಂಡು ಬಂದು ಗಂಡನ ಮೇಲೆ ಹಾಕಿ ತಬ್ಬಿಕೊಂಡರು. ಆಗಲೇ ಬೈಯುತ್ತಿದ್ದರು. ಬೀಡಿಯನ್ನು ಬೈಯುತ್ತಿದ್ದರು.

ಜೀವ ಉಳಿಯಿತು. ಬಲಗಣ್ಣು ಹೋಯಿತು. ಎರಡೂ ಅಂಗೈಯ ಚರ್ಮ ಸುಕ್ಕುಗಟ್ಟಿ ಬೆರಳು ಮಡಚದಾದವು. ಆಸ್ಪತ್ರೆಗೆ ಬಂದವರೆಲ್ಲ ಅದನ್ನೇ ಹೇಳಿದರು: ಆ ಬೀಡಿ ಬಿಡಲಿಲ್ಲ ನೋಡಿ. ಮೂರನೆಯ ದಿನ ನಾನು ಹೋದಾಗ ಮುಖಕ್ಕೆಲ್ಲ ಬಟ್ಟೆ ಸುತ್ತಿದ್ದರು. ನನ್ನ ದನಿ ಕೇಳಿ, "ಬೀಡಿ ಕಣಮ್ಮ. ನನ್ದೇ ತಪ್ಪು. ಅವ್ಳು ಎಷ್ಟ್ ಸಲ ಏಳಿದ್ಲು" ಎಂದರು. ನನಗೆ ಸಮಾಧಾನವಾಗಲಿ ಎಂದು ಹೇಳಿದರೋ, ನಿಜವಾಗಿ ಹಾಗೇ ನಂಬಿದ್ದರೋ, ಮುಚ್ಚಳದ ಬಣ್ಣ ಅವರಿಗೆ ನೆನಪಿತ್ತೋ ಇಲ್ಲವೋ... ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಕಾರನ್ನು ಶೆಟ್ಟಿಹಳ್ಳಿಯ ಒಂದು ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಅಲ್ಲಿಯವನ ಹತ್ತಿರ, ಹೆಬ್ಬಾಳದಲ್ಲಿ ಯಾರೋ ಡಬ್ಬಿಯಿಂದ ತುಂಬಿದ್ದರು ಎಂದು ಮೊದಲ ಮಾತಿಗೇ ಹೇಳಿಬಿಟ್ಟೆ. ಗುರುತಿಲ್ಲದವನ ಮುಂದೆ ನಿಜ ಹೇಳುವುದು ಎಷ್ಟು ಸಲೀಸು. ಅವನು ಉಳಿದ ಗ್ಯಾಸನ್ನು ಹೊರಗೆ ಬಿಟ್ಟು, "ಇದು ಉರಿಯೋ ಗ್ಯಾಸು ಮೇಡಂ. ನಿಮ್ಮ ಒಲೇದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ" ಎಂದ. ನನಗೆ ಮೊದಲೇ ಗೊತ್ತಿತ್ತೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅದು ಹೀಗೆ ಹೊತ್ತಿಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ. ಆದರೆ ದಿನಾ ಒಲೆ ಹಚ್ಚುವವಳಿಗೆ ಆ ವಾಸನೆ ಏನೆಂದು ಗೊತ್ತಿತ್ತು. ಇದರಲ್ಲಿ ನನ್ನನ್ನು ನಾನು ಬಚಾವು ಮಾಡಿಕೊಳ್ಳಲು ಜಾಗವಿಲ್ಲ.

ಮಾವ ಆಮೇಲೆ ಬೀಡಿ ಮುಟ್ಟಲಿಲ್ಲ. ಶೆಡ್ಡಿನ ಶೀಟು ಬಿಚ್ಚಿಸಿದರು. ಸ್ಪ್ಯಾನರ್ ಹಿಡಿದರೆ ಹಿಡಿದದ್ದೇ ತಿಳಿಯದ ಕೈ. ಬೆಳಗಿನಿಂದ ಸಂಜೆಯವರೆಗೆ ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅತ್ತೆ ಬೈಯುತ್ತಿದ್ದರು. ಊಟ ಕಲಸಿ ಬಾಯಿಗಿಡುವಾಗ, ಗುಂಡಿ ಹಾಕಿಕೊಡುವಾಗ, ಯಾರಾದರೂ ಗೊತ್ತಿಲ್ಲದೆ ಏಸಿ ಮಾಡಿಸಲು ಕಾರು ತಂದು ನಿಲ್ಲಿಸಿದಾಗ. ಆ ದರಿದ್ರ ಬೀಡಿಗೆ ಕಣ್ಣು ಕೊಟ್ರಿ, ಕೈ ಕೊಟ್ರಿ, ಅನ್ನ ಕೊಟ್ರಿ ಎಂದು. ಅವರು ಒಂದು ಸಲವೂ ಎದುರು ಮಾತಾಡಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿ ಬೀದಿಗೇ ಇರುವುದು. ಎಲ್ಲ ಕೇಳುತ್ತಿತ್ತು. ಹನ್ನೆರಡು ಹೆಜ್ಜೆ ಹೋಗಿ ಒಂದು ಮಾತು ಹೇಳಿದ್ದರೆ ಅದು ನಿಲ್ಲುತ್ತಿತ್ತು. ಇವತ್ತು ಹೇಳುತ್ತೇನೆ, ಹಬ್ಬ ಕಳೆಯಲಿ, ತಂಗಿಯ ಮದುವೆ ಮುಗಿಯಲಿ ಎನ್ನುತ್ತ ಮೂರು ವರ್ಷ ನಾನು ಕಿಟಕಿ ಹಾಕಿಕೊಂಡೆ.

ಆಮೇಲೆ ಅವರು ಅಬ್ಬಿಗೆರೆಯಲ್ಲಿರುವ ಮಗಳ ಮನೆಗೆ ಹೋದರು. ಅಲ್ಲೇ ಮರುವರ್ಷ ಮಾವ ತೀರಿಕೊಂಡರು. ತಿಥಿಗೆ ಹೋಗಿ, ಕೊನೆಯ ಪಂಕ್ತಿಯಲ್ಲಿ ಕೂತು ಉಂಡು, ಅತ್ತೆಗೆ ಕೈ ಮುಗಿದು ಬಂದೆ. ಅಲ್ಲೂ ಬೇಕಾದಷ್ಟು ಜನ ಬೀಡಿಯ ವಿಷಯವನ್ನೇ ಮಾತಾಡುತ್ತಿದ್ದರು.

ಸಿಲಿಂಡರ್ ಬದಲಾಯಿಸಿದ ದಿನದ ಮಾರನೆಯ ಮಧ್ಯಾಹ್ನ ರಜೆ ಹಾಕಿ ಅಬ್ಬಿಗೆರೆಗೆ ಹೋದೆ. ಮಗಳು ಅಳಿಯ ಕೆಲಸಕ್ಕೆ ಹೋಗಿದ್ದರು. ಅತ್ತೆ ಒಬ್ಬರೇ ವರಾಂಡದಲ್ಲಿ ಮೊರ ಇಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುತ್ತಿದ್ದರು. ಬಾ ಕೂತ್ಕೋ ಎಂದರು. ಕೂತೆ. ಹೆಬ್ಬಾಳದವನು, ಡಬ್ಬಿ, ವಾಸನೆ, ಮಾವ ಕೇಳಿದ ಪ್ರಶ್ನೆ, ನಾನು ಹೇಳಿದ ಸುಳ್ಳು, ಕಾಫಿ, ಒಂದನ್ನೂ ಬಿಡದೆ ಹೇಳಿದೆ. ಬೀಡಿಯಿಂದಲ್ಲ ಅತ್ತೆ, ನನ್ನಿಂದ ಎಂದೆ. ಅವರು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಎಳೆಯದನ್ನು ಒಂದು ಕಡೆ, ಬಲಿತದ್ದನ್ನು ಒಂದು ಕಡೆ ಹಾಕುತ್ತಲೇ ಇದ್ದರು. ನನ್ನನ್ನು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ನಾಕ್ ವರ್ಸ ಬೈದೆ ಕಣೆ ಅವ್ರನ್ನ" ಎಂದರು ಕೊನೆಗೆ. ದನಿ ಏರಲಿಲ್ಲ. "ಉಣ್ಣಾಕೆ ಕೂತಾಗ್ಲೂ ಬೈದೆ. ಜೀವ ಓಗೋ ದಿನ ಬೆಳಗ್ಗೇನೂ ಬೈದೇ ಕಾಫಿ ಕುಡ್ಸಿದ್ದು. ಎದುರ್ಗೇ ಇದ್ದ್ಯಲ್ಲೇ ನೀನು. ಕೇಳ್ತಿತ್ತಲ್ಲ ನಿಂಗೆ."

"ಕೇಳ್ತಿತ್ತು ಅತ್ತೆ."

ಸೊಪ್ಪು ಮುಗಿದಿತ್ತು. ಮೊರ ಎತ್ತಿಕೊಳ್ಳದೆ ಅದರ ಮೇಲೆ ಕೈ ಇಟ್ಟುಕೊಂಡು ಕೂತರು. ನಾನೂ ಕೂತಿದ್ದೆ. ಅಳಬೇಕು ಎನಿಸಿತು, ಆದರೆ ಅವರ ಮುಂದೆ ಅಳುವ ಹಕ್ಕು ನನಗಿರಲಿಲ್ಲ. ನಾವಿಬ್ಬರೂ ಕ್ಷಮೆ ಕೇಳಬೇಕಾಗಿದ್ದದ್ದು ಒಬ್ಬರನ್ನೇ, ಅವರು ಈಗ ಇಲ್ಲ. ಅತ್ತೆಯನ್ನೂ ಆ ಸಾಲಿಗೆ ತಂದು ನಿಲ್ಲಿಸಿದವಳು ನಾನು.